ಉಳಿದ ಮಾತ್ರೆಗಳನ್ನು ಎಲ್ಲಿ ಹಾಕುತ್ತೀರಿ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಈ ಶಾಲೆಯಲ್ಲಿ ಕಲಿತು ಮುಂದೆ ಫಾರ್ಮಸಿ ಓದಿದವನು ನಾನು. ಆಸ್ಪತ್ರೆಯಲ್ಲಿ ಔಷಧಿ ಕೊಡುವುದೇ ನನ್ನ ಕೆಲಸ. ಹಾಗಾಗಿ ಸಾಧನೆಯ ಮಾತು ಬಿಟ್ಟು, ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳುತ್ತೇನೆ.

ನಮ್ಮ ತಾಯಿ ತೀರಿಕೊಂಡ ಮೇಲೆ ಅವರ ಬಿಸ್ಕತ್ತಿನ ಡಬ್ಬ ತೆರೆದೆ. ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಅರ್ಧಕ್ಕೆ ಬಿಟ್ಟ ಆ್ಯಂಟಿಬಯೋಟಿಕ್, ಕೆಮ್ಮಿನ ಸಿರಪ್ ಎಲ್ಲ ಇದ್ದವು. ಎಲ್ಲವನ್ನೂ ಒಂದು ಕವರಿಗೆ ತುಂಬಿ ಹಿತ್ತಲ ತಿಪ್ಪೆಗೆ ಎಸೆದೆ. ಮರುದಿನ ಪಕ್ಕದ ಮನೆಯ ಮಗು ಬಣ್ಣದ ಮಾತ್ರೆಗಳ ಪಟ್ಟಿ ಹಿಡಿದು ಅಂಗಳದಲ್ಲಿ ಆಡುತ್ತಿತ್ತು. ಪುಣ್ಯಕ್ಕೆ ಬಿಚ್ಚಿರಲಿಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಒಂದೆರಡು ಹೊಟ್ಟೆಗೆ ಹೋದರೂ ಸಾಕು, ಚಿಕ್ಕ ಮಕ್ಕಳ ರಕ್ತದಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಕುತ್ತು ಬರಬಹುದು. ಇದನ್ನು ಊರಿಗೆಲ್ಲ ಹೇಳುವವನು ನಾನೇ!

ನನ್ನಂಥವರು ಇನ್ನೂ ಇದ್ದಾರೆ. ಆಸ್ಪತ್ರೆಯೊಳಗೆ ನಮಗೆ ಶಿಸ್ತು ಇದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅವಧಿ ಮೀರಿದ ಔಷಧಿ ಹಳದಿ ಬಣ್ಣದ ಚೀಲಕ್ಕೆ ಹೋಗಬೇಕು. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಹಳದಿ ಚೀಲವಿಲ್ಲ. ಕಲಿಯುವಾಗ ನಾವು ಹಳೆಯ ಸಿರಪ್ಪನ್ನು ಸಿಂಕಿಗೆ ಸುರಿದವರೇ. ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂದು ವರ್ಷಗಟ್ಟಲೆ ಓದಿದೆವು. ಉಳಿದದ್ದನ್ನು ಏನು ಮಾಡಬೇಕೆಂದು ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಒಂದು ಮಾತ್ರೆಯಿಂದ ಏನಾದೀತು ಎನ್ನಬೇಡಿ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಬಗ್ಗೆ ಕೇಳಿದ್ದೀರಿ. ದೇಶದಲ್ಲಿ ಲಕ್ಷಗಟ್ಟಲೆ ಇದ್ದ ರಣಹದ್ದುಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತ್ತು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಇದು ಎಸೆದ ಔಷಧಿಯ ಕಥೆಯಲ್ಲ, ನಿಜ. ಆದರೆ ಔಷಧಿಯ ಕೆಲಸ ರೋಗಿಯ ಮೈಯಲ್ಲೇ ಮುಗಿಯುವುದಿಲ್ಲ ಎಂಬುದನ್ನು ತೋರಿಸಿಕೊಟ್ಟಿತು. ಚರಂಡಿಗೆ ಸುರಿದ ಆ್ಯಂಟಿಬಯೋಟಿಕ್ ಕೂಡ ಹಾಗೆಯೇ. ಅದು ಕೆರೆಯ ನೀರು ಸೇರಿದರೆ, ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯಲು ದಾರಿಯಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಉಳಿಯದಂತೆ ನೋಡಿಕೊಳ್ಳಿ. ವೈದ್ಯರು ಐದು ದಿನ ಎಂದರೆ ಐದು ದಿನವೂ ತೆಗೆದುಕೊಳ್ಳಿ, ಅಷ್ಟನ್ನೇ ಕೊಳ್ಳಿ. ಎರಡನೆಯದು, ಉಳಿದದ್ದನ್ನು ನೆರೆಯವರಿಗೆ ಕೊಟ್ಟು ಉಪಕಾರ ಮಾಡಲು ಹೋಗಬೇಡಿ. ಮೂರನೆಯದು, ಸುಡಬೇಡಿ. ಮಾತ್ರೆಯ ಪಟ್ಟಿಯ ಪ್ಲಾಸ್ಟಿಕ್ಕಿನಿಂದ ವಿಷದ ಹೊಗೆ ಬರುತ್ತದೆ, ಉಬ್ಬಸದ ಪಂಪು ಬೆಂಕಿಯಲ್ಲಿ ಸಿಡಿಯುತ್ತದೆ. ಸೂಜಿಗಳನ್ನು ಗಟ್ಟಿ ಡಬ್ಬದಲ್ಲಿ ಬೇರೆಯಾಗಿಡಿ. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಫೆಂಟಾನಿಲ್‌ನಂಥ ಬಲವಾದ ನೋವಿನ ಔಷಧಿ ಉಳಿದರೆ ಅದರ ರೀತಿಯೇ ಬೇರೆ, ಕೊಟ್ಟ ಆಸ್ಪತ್ರೆಯಲ್ಲೇ ಕೇಳಿ.

2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದವು. ಹಸಿ ಕಸದ ಜೊತೆಗೂ ಅಲ್ಲ, ಒಣ ಕಸದ ಜೊತೆಗೂ ಅಲ್ಲ, ಬೇರೆಯಾಗಿಯೇ ಕೊಡಬೇಕು ಎಂದರ್ಥ. ಕೊಡುವ ಜಾಗವೇ ಇಲ್ಲದಿದ್ದರೆ, ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಬಳಸಿದ ಚಹಾಪುಡಿ ಅಥವಾ ಮಣ್ಣಿನೊಂದಿಗೆ ಕಲಸಿ, ಯಾರೂ ಬಾಯಿಗಿಡದಂತೆ ಮಾಡಿ, ಮುಚ್ಚಿದ ಡಬ್ಬದಲ್ಲಿ ಕಸದ ಗಾಡಿಗೆ ಹಾಕಿ. ಇದು ಅನಿವಾರ್ಯಕ್ಕೆ ಮಾತ್ರ. ತಿಪ್ಪೆಗಂತೂ ಬೇಡ, ತಿಪ್ಪೆಯ ಗೊಬ್ಬರ ನಮ್ಮ ಹೊಲಕ್ಕೇ ಹೋಗುತ್ತದೆ.

ನೆರೆಯ ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆಯೇ ಮನೆಗಳಿಂದ ಉಳಿದ ಔಷಧಿ ಸಂಗ್ರಹಿಸುವ ಕೆಲಸವನ್ನು 2025ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭಿಸಿತು. ನಮ್ಮಲ್ಲೂ ಅನೇಕ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಗಾಡಿ ಓಡುತ್ತಿದೆ, ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ. ನನ್ನ ಬೇಡಿಕೆ ಇಷ್ಟೇ: ಪಂಚಾಯಿತಿಯವರು ಊರಿಗೊಂದು ಬೀಗ ಹಾಕಿದ ಪೆಟ್ಟಿಗೆ ಇಡಲಿ, ಅದರಲ್ಲಿ ಸೇರಿದ್ದು ಆಸ್ಪತ್ರೆಯ ತ್ಯಾಜ್ಯದ ಜೊತೆ ಸರಿಯಾದ ಜಾಗಕ್ಕೆ ಹೋಗುವಂತೆ ಆರೋಗ್ಯ ಇಲಾಖೆಯೊಡನೆ ಮಾತಾಡಲಿ. ಪೆಟ್ಟಿಗೆಯ ಖರ್ಚು ನನ್ನದು.

ಮಕ್ಕಳೇ, ಇಂದು ಮನೆಗೆ ಹೋಗಿ ಅಜ್ಜಿಯ ಡಬ್ಬ ತೆರೆಯಿರಿ. ನೀವೇ ಮುಟ್ಟಿ ತೆಗೆಯಬೇಡಿ, ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿಯ ಮೇಲಿನ ತಾರೀಖನ್ನು ಗಟ್ಟಿಯಾಗಿ ಓದಿ ಹೇಳಿ. ಓದು ಕಲಿಸಿದ ಈ ಶಾಲೆಗೆ ಅದೂ ಒಂದು ಗುರುದಕ್ಷಿಣೆ.