ಕಾನಿನಿಂದ ಕಡಲಿಗೆ

ಡಿಸೆಂಬರಿನ ಬೆಳಗಿನ ಜಾವ ಅಘನಾಶಿನಿ ಊರಿನ ದಂಡೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಗಾಳಿ ತಾಗುವುದು ಬೆನ್ನಿಗೆ. ಕಡಲ ಮೇಲಿಂದ ಬರಬೇಕಾದ ಗಾಳಿ ಹಿಂದಿನಿಂದ ಯಾಕೆ ಬಂತು ಎಂದು ತಿರುಗಿ ನೋಡಿದರೆ, ತೆಂಗಿನ ತೋಟದಾಚೆ, ಗದ್ದೆಗಳಾಚೆ, ಒಂದರ ಹಿಂದೊಂದು ಗುಡ್ಡ. ಗುಡ್ಡಗಳ ಮೇಲೆ ಕಪ್ಪು ಹಸಿರು ಕಾಡು, ನಡುವಿನ ಕಣಿವೆಗಳಲ್ಲಿ ಬೆಳ್ಳನೆಯ ಮಂಜು. ಮಾಯಾಲೋಕದ ಕಥೆಗೆಂದು ಯಾರೋ ಬರೆದ ಚಿತ್ರ ಇರಬೇಕು ಅನಿಸುತ್ತದೆ. ಆದರೆ ಮಕ್ಕಳೇ, ಈ ಊರು ನಿಜವಾಗಿಯೂ ಇದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಅರಬ್ಬಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲೇ ಇದೆ. ನದಿಯ ಹೆಸರೇ ಊರಿಗೂ.

ಬೆನ್ನಿಗೆ ತಾಗಿದ ಆ ಗಾಳಿಯ ಗುಟ್ಟನ್ನು ನೀವು ಮನೆಯಲ್ಲೇ ಹಿಡಿಯಬಹುದು. ಒಂದೇ ಅಳತೆಯ ಎರಡು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಒಣ ಮರಳು, ಇನ್ನೊಂದರಲ್ಲಿ ನೀರು ತುಂಬಿ ಮಧ್ಯಾಹ್ನದ ಬಿಸಿಲಿಗಿಡಿ. ಒಂದು ಗಂಟೆ ಬಿಟ್ಟು ಬೆರಳಿಟ್ಟು ನೋಡಿ. ಮರಳು ಸುಡುತ್ತಿರುತ್ತದೆ, ನೀರು ಬರೀ ಉಗುರುಬೆಚ್ಚಗಿರುತ್ತದೆ. ಈಗ ಎರಡನ್ನೂ ನೆರಳಿಗೆ ತನ್ನಿ. ಮೊದಲು ತಣ್ಣಗಾಗುವುದೂ ಮರಳೇ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ ಮಾಡಲು ಸುಮಾರು 4200 ಜೂಲ್ ಶಾಖ ಬೇಕು. ಅಷ್ಟೇ ತೂಕದ ಮರಳಿಗೆ ಸುಮಾರು 800 ಜೂಲ್ ಸಾಕು. ನಿಜವಾದ ಕಡಲಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಅಲೆಗಳು ನೀರನ್ನು ಸದಾ ಕಲಕುತ್ತಿರುವುದರಿಂದ ಬಿಸಿಲಿನ ಶಾಖ ಆಳಕ್ಕೂ ಹಂಚಿಹೋಗುತ್ತದೆ. ನೆಲದಲ್ಲಾದರೆ ಅದು ಮೇಲ್ಪದರದಲ್ಲೇ ಉಳಿದು, ಸಂಜೆಯಾಗುತ್ತಲೇ ಆಕಾಶಕ್ಕೆ ಹೊರಟುಬಿಡುತ್ತದೆ.

ಚಳಿಗಾಲದ ರಾತ್ರಿ ಮೋಡವಿಲ್ಲದ ರಾತ್ರಿ. ನೆಲದಿಂದ ಹೊರಟ ಶಾಖವನ್ನು ತಡೆಯಲು ಮೇಲೆ ಏನೂ ಇಲ್ಲ. ಗುಡ್ಡ ತಣಿಯುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣ್ಣನೆಯ ಗಾಳಿ ಬೆಚ್ಚನೆಯ ಗಾಳಿಗಿಂತ ಭಾರ. ಅದು ಕಣಿವೆಗಳ ಗುಂಟ ಕೆಳಗಿಳಿದು, ಊರನ್ನು ದಾಟಿ, ಇನ್ನೂ ಬೆಚ್ಚಗೇ ಇರುವ ಕಡಲಿನ ಕಡೆಗೆ ಹರಿಯುತ್ತದೆ. ಇದು ನೆಲಗಾಳಿ. ಬಿಸಿಲೇರಿದ ಮೇಲೆ ಎಲ್ಲವೂ ತಿರುವುಮುರುವು. ನೆಲದ ಮೇಲಿನ ಗಾಳಿ ಕಾದು ಹಗುರಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ಕಡಲಗಾಳಿ ನುಗ್ಗುತ್ತದೆ. ಯಂತ್ರದ ದೋಣಿಗಳು ಬರುವ ಮೊದಲು ಕರಾವಳಿಯ ಮೀನುಗಾರರು ಈ ವೇಳಾಪಟ್ಟಿ ನೋಡಿಕೊಂಡೇ ಹಾಯಿ ಬಿಚ್ಚುತ್ತಿದ್ದರು. ಬೆಳಗಿನ ಜಾವ ನೆಲಗಾಳಿ ಅವರನ್ನು ಕಡಲಿಗೆ ಒಯ್ಯುತ್ತಿತ್ತು, ಮಧ್ಯಾಹ್ನ ಕಡಲಗಾಳಿ ಮನೆಗೆ ತರುತ್ತಿತ್ತು.

ಕಣಿವೆಯ ಮಂಜಿಗೂ ಕಾಡಿಗೂ ನಂಟಿದೆ. ಹಗಲೆಲ್ಲ ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಬಿಡುತ್ತವೆ. ರಾತ್ರಿ ಗಾಳಿ ತಣಿದಂತೆ ಅಷ್ಟೂ ಆವಿಯನ್ನು ಹಿಡಿದಿಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ಹೆಚ್ಚಾದ ಆವಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಅಂಥ ಕೋಟ್ಯಂತರ ಹನಿಗಳು ಒಟ್ಟಿಗೆ ತೇಲಿದಾಗ ನಮಗೆ ಮಂಜು ಕಾಣುತ್ತದೆ.

ಈಗ ನನಗೆ ತುಂಬ ಇಷ್ಟವಾದ ಪ್ರಶ್ನೆಗೆ ಬರುತ್ತೇನೆ. ಈ ಕಡೆ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಕೆಲವೆಡೆ ವರ್ಷಕ್ಕೆ 5000 ಮಿಲಿಮೀಟರ್‌ಗೂ ಹೆಚ್ಚು ಸುರಿಯುತ್ತದೆ. ಬಿದ್ದ ಮಳೆಯೆಲ್ಲ ಬಿದ್ದಲ್ಲೇ ನಿಂತಿದ್ದರೆ ಐದು ಮೀಟರ್ ಆಳದ ನೀರು, ಒಂದೂವರೆ ಮಾಳಿಗೆಯ ಎತ್ತರ! ಅಕ್ಟೋಬರ್ ದಾಟಿದರೆ ಮಳೆ ಹೋಯಿತು. ಆದರೆ ಜನವರಿಯಲ್ಲೂ ಫೆಬ್ರವರಿಯಲ್ಲೂ ಅಘನಾಶಿನಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಶಿರಸಿಯ ಶಂಕರಹೊಂಡದ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಒಟ್ಟು ಸುಮಾರು 120 ಕಿಲೋಮೀಟರ್ ಸಾಗಿ ಕಡಲು ಸೇರುವ ಈ ನದಿಗೆ ಅಡ್ಡವಾಗಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ನೀರನ್ನು ಕೂಡಿಟ್ಟು ಸ್ವಲ್ಪಸ್ವಲ್ಪವೇ ಬಿಡುವ ಜಲಾಶಯವಿಲ್ಲದೆ ಅದು ಹರಿಯುವುದು ಹೇಗೆ?

ಕೂಡಿಡುವುದು ಕಾಡಿನ ನೆಲ. ಮಳೆಹನಿ ಮೊದಲು ಬೀಳುವುದು ಎತ್ತರದ ಮರದ ಎಲೆಯ ಮೇಲೆ. ಅಲ್ಲಿಂದ ಕೆಳಗಿನ ಮರಕ್ಕೆ, ಅಲ್ಲಿಂದ ಪೊದೆಗೆ, ಕೊನೆಗೆ ದರಗೆಲೆಯ ಮೇಲೆ. ಇಷ್ಟು ಹೊತ್ತಿಗೆ ಅದರ ಹೊಡೆತವೆಲ್ಲ ಹೋಗಿರುತ್ತದೆ. ದರಗೆಲೆಯ ಕೆಳಗಿನ ಮಣ್ಣಿನಲ್ಲಿ ಎರೆಹುಳು, ಗೆದ್ದಲು, ಇರುವೆಗಳು ಕೊರೆದ ದಾರಿಗಳಿವೆ. ಸತ್ತು ಕೊಳೆತ ಬೇರುಗಳು ಬಿಟ್ಟುಹೋದ ಕೊಳವೆಗಳಿವೆ. ನೀರು ಇವುಗಳಲ್ಲಿ ಇಳಿದು ಮುರಕಲ್ಲಿನ ತೂತುಗಳಲ್ಲೂ ಬಂಡೆಯ ಸೀಳುಗಳಲ್ಲೂ ಸೇರಿಕೊಳ್ಳುತ್ತದೆ. ಅಲ್ಲಿ ಅದರ ನಡಿಗೆ ಬಹಳ ನಿಧಾನ. ಜುಲೈಯಲ್ಲಿ ಬಿದ್ದ ಮಳೆ ಗುಡ್ಡದ ಬುಡದಲ್ಲಿ ಒರತೆಯಾಗಿ ಕಣ್ಣು ಬಿಡುವಾಗ ಚಳಿಗಾಲ ಬಂದಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಜಿಲ್ಲೆಯ ಹಳ್ಳಗಳನ್ನು ಅಳೆದು ನೋಡಿದ್ದಾರೆ. ಸ್ಥಳೀಯ ಮರಗಳೇ ತುಂಬಿದ ಕಾಡಿನಿಂದ ಹುಟ್ಟುವ ಹಳ್ಳ ವರ್ಷವಿಡೀ ಹರಿಯುತ್ತದೆ. ಕಾಡು ಕಡಿದು ಒಂದೇ ಜಾತಿಯ ಮರ ನೆಟ್ಟ ಕಡೆಗಳಲ್ಲಿ ಅದು ಬೇಸಿಗೆಗೆ ಮೊದಲೇ ಬತ್ತುತ್ತದೆ.

ಈ ಕಾಡುಗಳ ಒಳಗೆ ಇನ್ನೂ ವಿಚಿತ್ರವಾದ ಜಾಗಗಳಿವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಹಗಲಲ್ಲೂ ಮಬ್ಬುಗತ್ತಲೆ. ಅಲ್ಲಿ ಹಳ್ಳದ ಪಕ್ಕದ ತಗ್ಗು ನೆಲ ಚಳಿಗಾಲದಲ್ಲೂ ಜೌಗು, ಕಾಲಿಟ್ಟರೆ ಕೆಸರಿನಲ್ಲಿ ಹೂತುಹೋಗುತ್ತದೆ. ಊರವರು ಇದನ್ನು ರಾಂಪತ್ರೆ ಜಡ್ಡಿ ಎನ್ನುತ್ತಾರೆ. ಇಲ್ಲಿ ಬೆಳೆಯುವ ರಾಂಪತ್ರೆ ಮರಗಳು ಜಾಯಿಕಾಯಿಯ ಒಡಹುಟ್ಟು. ಇವುಗಳ ದೂರದ ನೆಂಟರು ಯಾರು ಗೊತ್ತೇ? ಸಂಪಿಗೆ ಮತ್ತು ಸೀತಾಫಲ! ಹೂ ಬಿಡುವ ಸಸ್ಯಗಳಲ್ಲೇ ಬಹಳ ಹಿಂದೆ ಕವಲೊಡೆದ ವಂಶ ಇದು. ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲೇ ಈ ವಂಶದ ಹಿರಿಯರು ಬೆಳೆಯುತ್ತಿದ್ದರು.

ಜಡ್ಡಿಯಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮರಗಳಲ್ಲ, ಬೇರುಗಳು. ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಇಳಿದ ನೂರಾರು ಬೇರುಗಳು. ಯಾರೋ ಗುಂಪಾಗಿ ಮಂಡಿ ಮಡಚಿ ಕೂತ ಹಾಗೆ. ವಿಜ್ಞಾನಿಗಳೂ ಇವನ್ನು ಮಂಡಿಬೇರು ಎಂದೇ ಕರೆಯುತ್ತಾರೆ. ನೆಲದೊಳಗಿರಬೇಕಾದ ಬೇರು ಹೊರಗೆ ಬಂದದ್ದೇಕೆ? ಉಸಿರಾಡಲಿಕ್ಕೆ. ಬೇರುಗಳಿಗೂ ಆಮ್ಲಜನಕ ಬೇಕು. ಸಾಮಾನ್ಯ ಮಣ್ಣಿನಲ್ಲಿ ಕಣಕಣಗಳ ನಡುವೆ ಗಾಳಿ ಇರುತ್ತದೆ. ಜೌಗಿನಲ್ಲಿ ಆ ಜಾಗವನ್ನೆಲ್ಲ ನೀರು ತುಂಬಿಕೊಂಡಿದೆ, ಮತ್ತು ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಬೇರೆ ಮರವಾದರೆ ಅದರ ಬೇರು ಕೊಳೆತೇ ಹೋಗುತ್ತಿತ್ತು. ಜಡ್ಡಿಯ ಈ ಮರಗಳು ಬೇರನ್ನೇ ಮೇಲಕ್ಕೆತ್ತಿ, ತೊಗಟೆಯಲ್ಲಿರುವ ಸಣ್ಣ ಉಸಿರುಗಂಡಿಗಳಿಂದ ಗಾಳಿ ಎಳೆದು ಒಳಗೆ ಕಳಿಸುತ್ತವೆ.

ಈ ಮರಗಳ ಹಣ್ಣು ಬಿರಿದಾಗ ಒಳಗಿನ ದಪ್ಪ ಬೀಜಕ್ಕೆ ಬಣ್ಣದ ಪತ್ರೆ ಸುತ್ತಿಕೊಂಡಿರುತ್ತದೆ. ಅದನ್ನು ಕಂಡು ಮಂಗಟ್ಟೆ ಹಕ್ಕಿ ಬರುತ್ತದೆ. ಪತ್ರೆ ಜೀರ್ಣಿಸಿಕೊಂಡು, ಬೀಜವನ್ನು ದೂರದಲ್ಲೆಲ್ಲೋ ಉಗುಳುತ್ತದೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಸಿಂಗಳೀಕಗಳೂ ಇಲ್ಲಿ ಹಣ್ಣಿಗೆ ಬರುತ್ತವೆ. ಬಿದ್ದ ಬೀಜಕ್ಕೆ ಮಾತ್ರ ಕಾಯುವ ಶಕ್ತಿಯಿಲ್ಲ. ನಿಮ್ಮ ಮನೆಯ ಹೆಸರುಕಾಳು ಡಬ್ಬದಲ್ಲಿ ವರ್ಷಗಟ್ಟಲೆ ಇದ್ದರೂ ನೀರು ಕಂಡೊಡನೆ ಮೊಳೆಯುತ್ತದೆ. ರಾಂಪತ್ರೆಯ ಬೀಜ ಒಣಗಿತೆಂದರೆ ಸತ್ತಿತು. ಆದ್ದರಿಂದ ಅದಕ್ಕೆ ಎಂದೂ ಒಣಗದ ನೆಲವೇ ಬೇಕು. ಅಂಥ ನೆಲ ಮನುಷ್ಯರಿಗೂ ಬೇಕಾಗಿ, ಎಷ್ಟೋ ಜಡ್ಡಿಗಳು ಅಡಿಕೆ ತೋಟವೋ ಭತ್ತದ ಗದ್ದೆಯೋ ಆದವು. ಈಗ ಉಳಿದಿರುವುದು ಚೂರುಚೂರು. ಅಂಥ ಒಂದು ಚೂರಿನಲ್ಲಿ, ಕತ್ತಲೆಕಾನಿನಲ್ಲೇ, ವಿಜ್ಞಾನಕ್ಕೆ ಅಲ್ಲಿಯವರೆಗೆ ಗೊತ್ತೇ ಇರದ ಒಂದು ಮರ ಸಿಕ್ಕಿತು. ಮಾವು, ಗೋಡಂಬಿಗಳ ಕುಟುಂಬದ್ದು. 2000ದಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಅಷ್ಟು ದೊಡ್ಡ ಮರ ಅಷ್ಟು ವರ್ಷ ನಮ್ಮ ಕಣ್ಣು ತಪ್ಪಿಸಿ ನಿಂತಿತ್ತು ಎಂದರೆ ಅಲ್ಲಿ ಇನ್ನೇನೇನು ಇರಬಹುದು!

ಗುಡ್ಡ ಇಳಿದು ಅಳಿವೆಗೆ ಬಂದರೆ ಮತ್ತೆ ಕೆಸರು, ಈ ಸಲ ಉಪ್ಪು ಕೆಸರು. ಅಲ್ಲಿ ಕಾಂಡ್ಲಾ ಮರಗಳಿವೆ. ಕೆಲವು ಕಾಂಡ್ಲಾಗಳ ಬೇರುಗಳು ಬುಡದ ಸುತ್ತ ಪೆನ್ಸಿಲ್‌ನಷ್ಟು ದಪ್ಪಕ್ಕೆ ನೆಟ್ಟಗೆ ಮೇಲೆ ಎದ್ದಿರುತ್ತವೆ. ಇನ್ನು ಕೆಲವು ಕಾಂಡದಿಂದಲೇ ಬೇರು ಇಳಿಬಿಟ್ಟು ಅದರ ಮೇಲೆ ನಿಂತಿರುತ್ತವೆ. ಇವು ರಾಂಪತ್ರೆಗೆ ನೆಂಟರಲ್ಲ. ಆದರೆ ಕೆಸರಿನಲ್ಲಿ ಉಸಿರುಕಟ್ಟುವ ಕಷ್ಟ ಎರಡಕ್ಕೂ ಒಂದೇ. ಘಟ್ಟದ ಸಿಹಿನೀರಿನಲ್ಲಿ ಒಂದು ಕುಟುಂಬ, ಕಡಲಂಚಿನ ಉಪ್ಪುನೀರಿನಲ್ಲಿ ಬೇರೆ ಕುಟುಂಬಗಳು, ಒಂದನ್ನೊಂದು ನೋಡದೆ ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ. ಬೀಜದ ವಿಷಯದಲ್ಲೂ ಕಾಂಡ್ಲಾ ಕಾಯುವುದಿಲ್ಲ. ಕೆಲವು ಜಾತಿಗಳಲ್ಲಿ ಬೀಜ ತಾಯಿಮರದಲ್ಲಿ ನೇತಾಡುತ್ತಿರುವಾಗಲೇ ಮೊಳೆತು, ಉದ್ದ ಕೋಲಾಗಿ ಬೆಳೆದು, ಆಮೇಲೆ ನೀರಿಗೆ ಬೀಳುತ್ತದೆ.

ಮಳೆಗಾಲದಲ್ಲಿ ಅಘನಾಶಿನಿಯ ಪ್ರವಾಹ ಕಡಲನ್ನೇ ಹಿಂದಕ್ಕೆ ತಳ್ಳುತ್ತದೆ, ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಚಳಿಗಾಲಕ್ಕೆ ನದಿ ಸಣಕಲಾದಂತೆ ಉಬ್ಬರದ ಜೊತೆ ಉಪ್ಪುನೀರು ಒಳನಾಡಿಗೆ ಏರುತ್ತದೆ. ಉಬ್ಬರ ದಿನಕ್ಕೆ ಎರಡು ಸಲ, ಮತ್ತು ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಚಂದ್ರನೂ ದಿನಾ ಅಷ್ಟೇ ತಡವಾಗಿ ಬರುತ್ತಾನಲ್ಲ, ಮುಖ್ಯವಾಗಿ ಅವನ ಸೆಳೆತದಿಂದಲೇ ಉಬ್ಬರ. ಇಳಿತವಾದಾಗ ಊರಿನ ಹೆಂಗಸರು, ಗಂಡಸರು ಸೊಂಟಮಟ್ಟದ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಬಳಚು ಎಂದರೆ ಎರಡು ಚಿಪ್ಪಿನ ನಡುವೆ ಬದುಕುವ ಮೆತ್ತನೆಯ ಜೀವಿ. ಅದು ನೀರನ್ನು ಎಳೆದುಕೊಂಡು, ಸೋಸಿ, ತೇಲುವ ಸೂಕ್ಷ್ಮ ಆಹಾರವನ್ನು ಉಳಿಸಿಕೊಂಡು ನೀರನ್ನು ಹೊರಬಿಡುತ್ತದೆ. ಅದರ ಊಟದಲ್ಲಿ ಕೊಳೆತ ಕಾಂಡ್ಲಾ ಎಲೆಯ ಪುಡಿ ಇದೆ, ಘಟ್ಟದಿಂದ ಹರಿದುಬಂದ ದರಗೆಲೆಯ ಸಾರವೂ ಇದೆ. ಲಡಾಖ್, ಟಿಬೆಟ್‌ಗಳ ಸರೋವರಗಳಲ್ಲಿ ಮರಿ ಮಾಡುವ ಕಂದುತಲೆಯ ಕಡಲಹಕ್ಕಿಗಳೂ ಅಲ್ಲಿ ಹಿಮ ಬಿದ್ದಾಗ ಊಟ ಹುಡುಕಿಕೊಂಡು ನಮ್ಮ ಕರಾವಳಿಗೇ ಬರುತ್ತವೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು.

ನದಿ ಇನ್ನೊಂದು ವಸ್ತುವನ್ನೂ ಹೊತ್ತು ತರುತ್ತದೆ: ಮರಳು. ಘಟ್ಟದ ಬಂಡೆ ಬಿಸಿಲು ಮಳೆಗೆ ಬಿರಿದು, ಹೊಳೆಯಲ್ಲಿ ಉರುಳಿ, ಸವೆದು ಕಾಳಾಗಿ ಕಡಲಿಗೆ ಬರುತ್ತದೆ. ಅದರಲ್ಲಿ ಒಂದು ಪಾಲನ್ನು ಅಲೆಗಳು ದಂಡೆಗೆ ಹಾಕುತ್ತವೆ. ಹೀಗೆ ಗುಡ್ಡದ ಪುಡಿಯಿಂದ ಆದ ಕಾರವಾರ, ಕುಮಟಾ, ಹೊನ್ನಾವರದ ದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಬರುತ್ತವೆ. ತಾಯಿ ಆಮೆ ಹಿಂಗಾಲುಗಳಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ ಹೊರಟುಬಿಡುತ್ತದೆ. ಕಾವು ಕೊಡುವುದು ಮರಳೇ. ಮರಿ ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದೂ ಮರಳೇ! ಮರಳಿನ ಬಿಸಿ ಸುಮಾರು 29 ಡಿಗ್ರಿಗಿಂತ ಕೆಳಗಿದ್ದರೆ ಹೆಚ್ಚಾಗಿ ಗಂಡು, ಅದಕ್ಕಿಂತ ಮೇಲಾದರೆ ಹೆಚ್ಚಾಗಿ ಹೆಣ್ಣು. ಚಳಿ ಸರಿಯಾಗಿ ಬರದಿದ್ದರೆ ಗಂಡುಮರಿಗಳು ಕಡಿಮೆಯಾಗುತ್ತವೆ.

ಹೆಚ್ಚುಕಡಿಮೆ ಐವತ್ತು ದಿನಕ್ಕೆ ಮರಿಗಳು ಮರಳು ಸರಿಸಿ ಮೇಲೆ ಬರುತ್ತವೆ, ಬಹುಮಟ್ಟಿಗೆ ರಾತ್ರಿಯಲ್ಲೇ. ಎಲ್ಲಿ ಹೆಚ್ಚು ಬೆಳಕೋ ಅದೇ ಕಡಲು ಎಂದು ಅವುಗಳ ಲೆಕ್ಕ. ನಕ್ಷತ್ರದ ಬೆಳಕಿನಲ್ಲಿ ನೀರು ಹೊಳೆಯುವುದರಿಂದ ಲಕ್ಷಾಂತರ ವರ್ಷ ಆ ಲೆಕ್ಕ ಸರಿಯಾಗಿಯೇ ಇತ್ತು. ಈಗ ದಂಡೆಯ ಮೇಲಿನ ವಿದ್ಯುದ್ದೀಪ ಹೆಚ್ಚು ಹೊಳೆಯುತ್ತದೆ, ಮರಿಗಳು ರಸ್ತೆಯ ಕಡೆ ಹೊರಡುತ್ತವೆ. ನೀವು ಆ ಕಡೆ ಹೋದಾಗ ಗೂಡು ಕಂಡರೆ ಕೆದಕದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಮರಿ ಕಂಡರೆ ಟಾರ್ಚ್ ಬಿಡಬೇಡಿ, ಎತ್ತಿ ಒಯ್ದು ನೀರಿಗೆ ಹಾಕಲೂಬೇಡಿ, ತಾನೇ ನಡೆದು ಹೋಗಲಿ. ದೊಡ್ಡದಾದ ಹೆಣ್ಣಾಮೆ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಗುರುತು ಹಿಡಿದು ತಾನು ಹುಟ್ಟಿದ ಕರಾವಳಿಗೇ ಮೊಟ್ಟೆಯಿಡಲು ಮರಳುತ್ತದೆ. ಅದಕ್ಕೆ ಹತ್ತು ಹದಿನೈದು ವರ್ಷ ಬೇಕು. ಈ ಮಾರ್ಚಿನಲ್ಲಿ ಕಡಲಿಗಿಳಿದ ಮರಿ ತಾಯಾಗಿ ಬರುವ ಹೊತ್ತಿಗೆ ನೀವು ಕಾಲೇಜು ಮುಗಿಸಿರುತ್ತೀರಿ.