ಎತ್ತರದ ಉಸಿರು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತರೂಪ)



ಕನ್ನಡ ಪಂಡಿತರಾದವರು ವಾರ್ಷಿಕೋತ್ಸವದ ವೇದಿಕೆಯಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು, ಮಕ್ಕಳಿಗೆ ವಿಜ್ಞಾನದ ವಿಷಯವೊಂದನ್ನು ಕನ್ನಡದಲ್ಲಿಯೇ ಹೇಳಬೇಕೆಂದು ಅಪ್ಪಣೆ ಮಾಡಿದ್ದಾರೆ. ಆದುದರಿಂದ ಜಗತ್ತಿನ ಅತ್ಯುನ್ನತ ಶಿಖರವನ್ನು ಮನುಷ್ಯನು ಏರಿದ ಕಥೆಯಲ್ಲಿ ಅಡಗಿರುವ ಶಾಸ್ತ್ರಭಾಗವನ್ನು ನಿಮ್ಮ ಮುಂದಿಡಲು ಹೊರಟಿದ್ದೇವೆ. ಸಾಹಸದ ಭಾಗವನ್ನು ನೀವೆಲ್ಲ ಪಾಠಪುಸ್ತಕದಲ್ಲಿ ಓದಿಯೇ ಇದ್ದೀರಿ.

ಕಡಲ ದಂಡೆಯ ಕಾಸರಗೋಡಿನವರಿಗೆ ಹಿಮಾಲಯದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಭೂಮಿಯ ಮೇಲಿನ ಎತ್ತರಗಳನ್ನೆಲ್ಲ ಅಳೆಯುವುದು ಸಮುದ್ರಮಟ್ಟದಿಂದ ಮೇಲಕ್ಕೆ; ಎಂದ ಮೇಲೆ ಈ ಲೆಕ್ಕದ ಸೊನ್ನೆ ನಮ್ಮ ಮನೆಯಂಗಳದ ಹತ್ತಿರವೇ ಇದೆ. ಇಲ್ಲಿ ವಾಯುಭಾರಮಾಪಕದ ಪಾದರಸವು ಸುಮಾರು ೭೬೦ ಮಿಲಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಬೈಹುಲ್ಲಿನ ಮೆದೆಯಲ್ಲಿ ಮೇಲಿನ ಹುಲ್ಲಿನ ಭಾರಕ್ಕೆ ತಳದ ಹುಲ್ಲು ಅಮುಕಿ ಗಟ್ಟಿಯಾಗಿರುವಂತೆ, ವಾಯುಮಂಡಲದ ತಳದಲ್ಲಿ ವಾಸಿಸುವ ನಮಗೆ ದೊರೆಯುವ ಗಾಳಿಯೂ ಗಟ್ಟಿಯಾದುದು. ಸಂಪಾಜೆ ಘಟ್ಟವನ್ನೇರಿ ಮಡಿಕೇರಿಗೆ ಹೋಗುವಾಗ ಬಸ್ಸಿನಲ್ಲಿ ಕಿವಿ ಕಟ್ಟಿ ಮತ್ತೆ ಬಿಟ್ಟುಕೊಳ್ಳುವುದನ್ನು ನೀವೆಲ್ಲ ಬಲ್ಲಿರಿ. ಹೊರಗಿನ ಒತ್ತಡ ಇಳಿದಾಗ ಕಿವಿಯೊಳಗಿನ ಗಾಳಿ ಹೊರಬೀಳಲು ದಾರಿ ಹುಡುಕುವುದೇ ಅದಕ್ಕೆ ಕಾರಣ. ಒತ್ತಡ ಇಳಿದಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ. ಎವರೆಸ್ಟಿನ ತುದಿಯಲ್ಲಿ ೭೦ ಡಿಗ್ರಿಯನ್ನು ತುಸು ದಾಟುವಷ್ಟರಲ್ಲಿಯೇ ನೀರು ಕುದಿದುಬಿಡುತ್ತದೆ. ನಮ್ಮ ಕುಚ್ಚಲಕ್ಕಿಯನ್ನು ಅಲ್ಲಿ ದಿನವಿಡೀ ಬೇಯಿಸಿದರೂ ಗಂಜಿಯಾಗಲಾರದು.

ಎತ್ತರಕ್ಕೆ ಹೋದಂತೆ ಗಾಳಿಯ ಭಾರ ಇಳಿಯುವುದೆಂಬುದನ್ನು ಮೊದಲು ಪ್ರಯೋಗದಿಂದ ತೋರಿಸಿದ್ದು ೧೬೪೮ರ ಸೆಪ್ಟೆಂಬರಿನಲ್ಲಿ, ಫ್ರಾನ್ಸ್ ದೇಶದಲ್ಲಿ. ಪಾಸ್ಕಲನೆಂಬ ವಿಜ್ಞಾನಿಯ ಮಾತಿನಂತೆ ಅವನ ಅಕ್ಕನ ಗಂಡ ಪೆರಿಯೆ ಎಂಬವನು ಪಾದರಸದ ಕೊಳವೆಯನ್ನು ಹೊತ್ತು ಪ್ಯೂಯಿ ದ ದೋಮ್ ಎಂಬ ಬೆಟ್ಟವನ್ನೇರಿದನು. ತುದಿಯಲ್ಲಿ ಪಾದರಸ ಸುಮಾರು ೮ ಸೆಂಟಿಮೀಟರ್ ಇಳಿದಿತ್ತು. ಆಲೋಚನೆ ಭಾವಮೈದುನನದು, ಬೆಟ್ಟ ಹತ್ತಿದ ಶ್ರಮ ಭಾವನದು. ಕೀರ್ತಿ ಯಾರಿಗೆ ಹೋಯಿತೆಂಬುದನ್ನು ಹೇಳಬೇಕಾಗಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತನ್ನು ಎಚ್ಚರದಿಂದ ಅರ್ಥಮಾಡಿಕೊಳ್ಳಬೇಕು. ನಮ್ಮ ಕಡಲ ದಂಡೆಯಲ್ಲಿಯೂ ಹಿಮಾಲಯದ ನೆತ್ತಿಯಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಸುಮಾರು ೨೧ ಪಾಲು ಆಮ್ಲಜನಕವೇ. ಕಡಿಮೆಯಾಗುವುದು ಪಾಲಲ್ಲ, ಒತ್ತಡ. ಸೇರು ಅದೇ, ಅಕ್ಕಿಯೂ ಅದೇ. ಆದರೆ ಸೇರಿನ ಮೂರನೆಯ ಒಂದಂಶ ಮಾತ್ರ ತುಂಬಿದೆ. ಎವರೆಸ್ಟಿನ ತುದಿಯಲ್ಲಿ ಪಾದರಸ ನಿಲ್ಲುವುದು ೨೫೩ ಮಿಲಿಮೀಟರಿಗೆ. ಇದರ ಮೇಲೆ ದೇಹವು ವಿಧಿಸುವ ಸುಂಕವೊಂದಿದೆ. ಒಳಗೆ ಎಳೆದುಕೊಂಡ ಗಾಳಿಯನ್ನು ನಮ್ಮ ಮೂಗು ಗಂಟಲುಗಳು ಬಿಸಿಮಾಡಿ ತೇವಗೊಳಿಸಿಯೇ ಶ್ವಾಸಕೋಶಕ್ಕೆ ಬಿಡುತ್ತವೆ. ಆ ನೀರಾವಿಯ ಒತ್ತಡ ೪೭ ಮಿಲಿಮೀಟರ್. ಬಡವನಿರಲಿ ಬಲ್ಲಿದನಿರಲಿ, ಈ ಸುಂಕ ಎಲ್ಲರಿಗೂ ಒಂದೇ. ನಮ್ಮಲ್ಲಿ ೭೬೦ರಿಂದ ೪೭ ಕಳೆದರೆ ೭೧೩ ಉಳಿಯುತ್ತದೆ. ಅದರಲ್ಲಿ ಆಮ್ಲಜನಕದ ಪಾಲು ಸುಮಾರು ೧೪೯. ಶಿಖರದಲ್ಲಿ ೨೫೩ರಿಂದ ಅದೇ ೪೭ ಕಳೆದರೆ ೨೦೬. ಆಮ್ಲಜನಕದ ಪಾಲು ಬರಿಯ ೪೩. ಸಮುದ್ರಮಟ್ಟದ ಮನುಷ್ಯನೊಬ್ಬನನ್ನು ಇದ್ದಕ್ಕಿದ್ದಂತೆ ಅಲ್ಲಿ ಕೊಂಡೊಯ್ದು ಬಿಟ್ಟರೆ ಎರಡು ಮೂರು ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಇದು ಬರಿಯ ಊಹೆಯಲ್ಲ. ೧೮೭೫ರ ಏಪ್ರಿಲ್ ೧೫ರಂದು ಪ್ಯಾರಿಸಿನಿಂದ ಜೆನಿತ್ ಎಂಬ ಬೆಲೂನಿನಲ್ಲಿ ಮೂವರು ಮೇಲೇರಿದರು. ಬೆಲೂನು ೮,೦೦೦ ಮೀಟರನ್ನು ಮೀರಿ ಹೋಯಿತು. ಅವರ ಬಳಿ ಆಮ್ಲಜನಕದ ಚೀಲಗಳಿದ್ದುವು. ಆದರೆ ಅದನ್ನು ಸೇದಬೇಕೆಂದು ತೋರುವ ವೇಳೆಗೆ ಕೈಯೆತ್ತುವ ಶಕ್ತಿಯೇ ಉಳಿದಿರಲಿಲ್ಲ. ಕ್ರೋಸೆ ಸ್ಪಿನೆಲ್ಲಿ, ಸಿವೆಲ್ ಎಂಬಿಬ್ಬರು ತೀರಿಕೊಂಡರು. ಬದುಕಿ ಬಂದ ತಿಸಾಂದಿಯೆ ಹೇಳಿದ ಸಂಗತಿ ಭಯ ಹುಟ್ಟಿಸುವಂತಹುದು: ಆ ಹೊತ್ತಿನಲ್ಲಿ ನೋವಿರಲಿಲ್ಲ, ಒಳಗೊಂದು ಸುಖವೇ ಇತ್ತು. ಆಮ್ಲಜನಕದ ಕೊರತೆಯು ಮೊದಲು ಕೊಲ್ಲುವುದು ವಿವೇಕವನ್ನು. ಈ ಮೂವರಿಗೆ, ನಿಮ್ಮ ಆಮ್ಲಜನಕ ಸಾಲದು ಎಂದು ಪಾಲ್ ಬೇರ್ ಎಂಬ ವಿಜ್ಞಾನಿ ಪತ್ರ ಬರೆದಿದ್ದನು; ಅದು ತಡವಾಗಿ ಮುಟ್ಟಿತು. ಎತ್ತರದ ಕಾಯಿಲೆಗೆ ಮೂಲ ಆಮ್ಲಜನಕದ ಒತ್ತಡದ ಕೊರತೆಯೇ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿ, ೧೮೭೮ರಲ್ಲಿ ಗ್ರಂಥಮುಖೇನ ಸಿದ್ಧಪಡಿಸಿದವನು ಈತನೇ.

ಇನ್ನು ಎವರೆಸ್ಟಿಗೆ ಬರೋಣ. ನಮ್ಮ ಹಿರಿಯರು ಈ ಶಿಖರವನ್ನು ಗೌರೀಶಂಕರವೆಂದು ಕಲಿತವರು. ಕಿವಿಗೆ ಇಂಪಾದ ಹೆಸರು, ಆದರೆ ಅದು ೭,೧೩೪ ಮೀಟರ್ ಎತ್ತರದ ಬೇರೊಂದು ಶಿಖರದ್ದು. ಎರಡೂ ಬೇರೆಯೆಂದು ೧೯೦೩ರಲ್ಲಿಯೇ ಗೊತ್ತಾಗಿದ್ದರೂ ಹಳೆಯ ರೂಢಿ ಬಹುಕಾಲ ಬಿಡಲಿಲ್ಲ. ನೇಪಾಳಿಗರಿಗೆ ಇದು ಸಗರಮಾಥಾ, ಟಿಬೆಟ್ಟಿನವರಿಗೆ ಚೋಮೋಲುಂಗ್ಮಾ; ಎತ್ತರ, ೨೦೨೦ರಲ್ಲಿ ಪ್ರಕಟವಾದಂತೆ, ೮,೮೪೮.೮೬ ಮೀಟರ್.

ಆಮ್ಲಜನಕದ ಸಹಾಯವಿಲ್ಲದೆ ಮನುಷ್ಯ ಇಲ್ಲಿಗೆ ಏರಬಲ್ಲನೇ? ಈ ಪ್ರಶ್ನೆಯನ್ನು ಕಾಗದದ ಮೇಲೆ ಲೆಕ್ಕಹಾಕಿದವರಲ್ಲಿ ಅಗ್ರಗಣ್ಯನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕೆಲ್ಲಾಸ್. ವೃತ್ತಿಯಿಂದ ರಸಾಯನಶಾಸ್ತ್ರದ ಅಧ್ಯಾಪಕ. ಶೆರ್ಪಾ ಜನರ ಸಾಮರ್ಥ್ಯವನ್ನು ಮೊದಲು ಗುರುತಿಸಿ ಅವರೊಡನೆಯೇ ಸಿಕ್ಕಿಮಿನ ಶಿಖರಗಳನ್ನು ಏರಿದ ಮೌನಿ. ಎವರೆಸ್ಟಿನ ತುದಿಯಲ್ಲಿ ಒತ್ತಡ ೨೫೧ ಮಿಲಿಮೀಟರ್ ಇದ್ದೀತೆಂದೂ, ಚೆನ್ನಾಗಿ ಒಗ್ಗಿಕೊಂಡ ಸಮರ್ಥನಾದವನು ಆಮ್ಲಜನಕವಿಲ್ಲದೆಯೇ ಅಲ್ಲಿಗೆ ತಲಪಬಹುದೆಂದೂ ೧೯೨೦ರ ಪ್ರಬಂಧದಲ್ಲಿ ಆತ ಬರೆದಿಟ್ಟನು. ಮರುವರ್ಷದ ಜೂನಿನಲ್ಲಿ, ಮೊದಲ ಎವರೆಸ್ಟ್ ತಂಡದೊಡನೆ ಟಿಬೆಟ್ಟನ್ನು ದಾಟುತ್ತಿದ್ದಾಗಲೇ ತೀರಿಕೊಂಡನು. ಅರುವತ್ತು ವರ್ಷಗಳ ಮೇಲೆ, ೧೯೮೧ರ ಅಕ್ಟೋಬರ್ ೨೪ರಂದು, ಅಮೆರಿಕದ ವೈದ್ಯ ಕ್ರಿಸ್ಟೋಫರ್ ಪಿಜ್ಜೋ ಶಿಖರದ ಮೇಲೆ ನಿಂತು ಅಳೆದುದು ೨೫೩. ಕೆಲ್ಲಾಸನ ಲೆಕ್ಕದಲ್ಲಿ ಬಂದ ಅಂತರ ಎರಡೇ ಮಿಲಿಮೀಟರ್! ಟೆನ್‌ಸಿಂಗ್, ಹಿಲರಿಯರ ಹೆಸರು ಬಲ್ಲ ನಮ್ಮ ಮಕ್ಕಳು ಈ ಹೆಸರನ್ನೂ ಬಲ್ಲವರಾಗಬೇಕೆಂದು ನಮ್ಮ ಅಭಿಪ್ರಾಯ.

೧೯೨೪ರಲ್ಲಿ ನಾರ್ಟನ್ ಎಂಬಾತ ಆಮ್ಲಜನಕವಿಲ್ಲದೆ ೮,೫೭೩ ಮೀಟರ್ ತಲಪಿದನು. ಇಪ್ಪತ್ತು ಹೆಜ್ಜೆ ನಿಲ್ಲದೆ ಇಡಬೇಕೆಂಬುದು ಅವನ ಹಂಬಲ. ಹದಿಮೂರರ ಆಸುಪಾಸಿನಲ್ಲಿಯೇ ಏದುಸಿರು ನಿಲ್ಲಿಸಿಬಿಡುತ್ತಿತ್ತು. ಆಮ್ಲಜನಕದ ಸೀಸೆಯನ್ನು ಹೊರುವುದು ಆಟಕ್ಕೆ ಒಪ್ಪದ ಮೋಸವೆಂದು ಅಂದಿನ ಬ್ರಿಟಿಷ್ ಆರೋಹಿಗಳಲ್ಲಿ ಹಲವರು ಮೂಗು ಮುರಿಯುತ್ತಿದ್ದರು. ಕೊಡೆ ಹಿಡಿದು ಮಳೆಯಲ್ಲಿ ನಡೆಯುವುದು ಮೋಸವಾದರೆ ಇದೂ ಮೋಸವೇ ಸರಿ.

೧೯೫೨ರ ವಸಂತದಲ್ಲಿ ಸ್ವಿಸ್ ತಂಡದ ಲಾಂಬೇರ್ ಮತ್ತು ನಮ್ಮ ಟೆನ್‌ಸಿಂಗ್ ಸುಮಾರು ೮,೬೦೦ ಮೀಟರಿನವರೆಗೆ ಹೋಗಿ ಹಿಂತಿರುಗಿದರು. ಅವರ ಆಮ್ಲಜನಕದ ಯಂತ್ರ ನಡೆಯುವಾಗ ಸರಿಯಾಗಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ ನೀರಿನದು. ಮೇಲಿನ ಡೇರೆಯಲ್ಲಿ ಒಲೆಯಿಲ್ಲದೆ, ಡಬ್ಬಿಯಲ್ಲಿ ಮಂಜುಗಡ್ಡೆಯಿಟ್ಟು ಮೇಣದಬತ್ತಿಯ ಉರಿಯಲ್ಲಿ ಕರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿದರು. ಎತ್ತಲೂ ಹಿಮವಿದ್ದರೂ ಕುಡಿಯಲು ನೀರಿಲ್ಲ. ಕಡಲ ನಡುವಿನ ದೋಣಿಯವನ ಪಾಡು. ಒಣಗಿದ ತೆಳುಗಾಳಿಯನ್ನು ಏದುತ್ತ ಉಸಿರಾಡುವಾಗ ಪ್ರತಿಯೊಂದು ಉಸಿರಿನೊಡನೆಯೂ ದೇಹದ ನೀರು ಹೊರಹೋಗುತ್ತಿರುತ್ತದೆ. ಅದೇ ವರ್ಷ ಚೋ ಓಯು ಶಿಖರದ ಪ್ರಾಂತದಲ್ಲಿ ಬ್ರಿಟಿಷ್ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಇವೆಲ್ಲವನ್ನೂ ಅಳೆದು ನೋಡುತ್ತಿದ್ದನು. ಏರುವಾಗ ನಿಮಿಷಕ್ಕೆ ೪ ಲೀಟರಿನಷ್ಟು ಆಮ್ಲಜನಕ, ನಿದ್ದೆಯಲ್ಲಿಯೂ ಸ್ವಲ್ಪ, ದಿನಕ್ಕೆ ಮೂರು ಲೀಟರಿಗೆ ಕಡಿಮೆಯಿಲ್ಲದ ದ್ರವಾಹಾರ, ಅದಕ್ಕಾಗಿ ಮೇಲಿನ ಡೇರೆಯವರೆಗೂ ಒಳ್ಳೆಯ ಒಲೆ, ವಾರಗಟ್ಟಲೆ ಒಗ್ಗಿಕೊಳ್ಳುವ ಕಾಲ: ಇವು ಅವನ ವಿಧಿಗಳು. ೧೯೫೩ರ ಮೇ ೨೯ರಂದು ಹಿಲರಿ ಮತ್ತು ಟೆನ್‌ಸಿಂಗ್ ಶಿಖರವನ್ನು ಮುಟ್ಟಿದರು. ಕೊನೆಯ ಡೇರೆಯಲ್ಲಿ ಅವರು ಧಾರಾಳವಾಗಿ ಕುಡಿದುದು ಸಕ್ಕರೆ ಹಾಕಿದ ಬಿಸಿ ನಿಂಬೆಯ ಪಾನಕ.

ಹಾಗಾದರೆ ಕೆಲ್ಲಾಸನ ಪ್ರಶ್ನೆಗೆ ಉತ್ತರ? ೧೯೭೮ರ ಮೇ ೮ರಂದು ಮೆಸ್ನರ್ ಮತ್ತು ಹಾಬೆಲರ್ ಸೀಸೆಯ ಆಮ್ಲಜನಕವಿಲ್ಲದೆಯೇ ತುದಿ ಮುಟ್ಟಿ ಬಂದರು. ನಾರ್ಟನನ ಎಲ್ಲೆಯನ್ನು ದಾಟಲು ೫೪ ವರ್ಷ ಹಿಡಿಯಿತು. ದೇಹ ಇದನ್ನು ಹೇಗೆ ಸಾಧಿಸಿತು? ಮುಖ್ಯವಾಗಿ ಉಸಿರಿನ ರಭಸದಿಂದ. ನಮ್ಮ ಶ್ವಾಸಕೋಶದಲ್ಲಿ ಇಂಗಾಲಾಮ್ಲವಾಯುವಿನ ಒತ್ತಡ ಸುಮಾರು ೪೦ ಮಿಲಿಮೀಟರ್. ಪಿಜ್ಜೋ ಶಿಖರದಲ್ಲಿ ಹಿಡಿದು ತಂದ ತನ್ನದೇ ಉಸಿರಿನಲ್ಲಿ ಅದು ಏಳೂವರೆಗೆ ಇಳಿದಿತ್ತು. ಅಷ್ಟು ಜೋರಾಗಿ ಉಸಿರಾಡಿ ಇಂಗಾಲಾಮ್ಲವನ್ನು ಹೊರದೂಡಿ ಆಮ್ಲಜನಕಕ್ಕೆ ಜಾಗ ಮಾಡಿಕೊಳ್ಳಬೇಕು. ಇದರಿಂದ ರಕ್ತ ಕ್ಷಾರವಾಗುವುದನ್ನು ಮೂತ್ರಪಿಂಡಗಳು ದಿನಗಟ್ಟಲೆ ದುಡಿದು ಸರಿಪಡಿಸುತ್ತವೆ. ಕೆಂಪು ರಕ್ತಕಣಗಳು ವಾರಗಟ್ಟಲೆ ಹೆಚ್ಚುತ್ತವೆ. ಇಷ್ಟಾದರೂ ತುದಿಯಲ್ಲಿ ದೇಹ ಪಡೆಯಬಲ್ಲ ಆಮ್ಲಜನಕ ನಿಮಿಷಕ್ಕೆ ಸುಮಾರು ಒಂದು ಲೀಟರ್. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ನಡೆಯುವವನಿಗೆ ಬೇಕಾಗುವಷ್ಟು.

ಇಲ್ಲಿ ಒಂದು ಸೋಜಿಗವಿದೆ. ಭೂಮಧ್ಯರೇಖೆಗೆ ಹತ್ತಿರದ ಪ್ರದೇಶಗಳ ಮೇಲೆ ವಾಯುಮಂಡಲದ ಹೊದಿಕೆ ಹೆಚ್ಚು ದಪ್ಪ. ಎವರೆಸ್ಟ್ ಇರುವುದು ೨೮ ಡಿಗ್ರಿ ಅಕ್ಷಾಂಶದಲ್ಲಿ. ಆದುದರಿಂದಲೇ ಅಲ್ಲಿ ೨೫೩ ಮಿಲಿಮೀಟರ್ ಒತ್ತಡ. ಅದೇ ಎತ್ತರದ ಶಿಖರ ಅಲಾಸ್ಕಾದ ಡೆನಾಲಿ ಇರುವ ೬೩ ಡಿಗ್ರಿಯಲ್ಲಿ ಇದ್ದಿದ್ದರೆ, ಸೀಸೆಯಿಲ್ಲದೆ ಅದನ್ನು ಏರುವುದು ಅಸಾಧ್ಯವಾಗುತ್ತಿತ್ತೆಂದು ಈ ಅಳತೆಯ ತಂಡದ ನಾಯಕ ಜಾನ್ ವೆಸ್ಟ್ ಲೆಕ್ಕಹಾಕಿ ತೋರಿಸಿದ್ದಾನೆ. ಮನುಷ್ಯನ ಉಸಿರಿನ ಕೊನೆಯ ಎಲ್ಲೆ, ಭೂಮಿಯ ಕೊನೆಯ ಎತ್ತರ, ಇವೆರಡೂ ಹೆಚ್ಚುಕಡಮೆ ಒಂದೇ ಕಡೆ ಬಂದು ನಿಂತಿವೆ. ಏಕೆಂದು ಕೇಳಿದರೆ ವಿಜ್ಞಾನವು ಆಕಸ್ಮಿಕವೆನ್ನುತ್ತದೆ.

ಶೆರ್ಪಾಗಳ ಮತ್ತು ಟಿಬೆಟ್ಟಿನವರ ದೇಹದ ಗುಟ್ಟು ಬೇರೆ. ಅವರಲ್ಲಿ ರಕ್ತಕಣಗಳು ನಮ್ಮವರಂತೆ ಮಿತಿಮೀರಿ ಹೆಚ್ಚುವುದಿಲ್ಲ, ರಕ್ತ ಗಟ್ಟಿಯಾಗಿ ತೊಡಕಾಗುವುದಿಲ್ಲ. ಇದಕ್ಕೆ ಕಾರಣವಾದ ವಂಶವಾಹಿಯನ್ನು ೨೦೧೦ರಲ್ಲಿ ಗುರುತಿಸಿದರು; ಡೆನಿಸೋವನ್ ಎಂಬ ಅಳಿದುಹೋದ ಮಾನವಕುಲದಿಂದ ಅದು ಬಂದುದೆಂದು ೨೦೧೪ರಲ್ಲಿ ತಿಳಿಯಿತು.

ಕಡೆಯದಾಗಿ, ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು. ನಮ್ಮ ಊರುಗಳಿಂದ ವರ್ಷವರ್ಷವೂ ಹಿರಿಯರು ಬದರಿ, ಕೇದಾರ, ಅಮರನಾಥಗಳಿಗೆ ಹೋಗುತ್ತಾರೆ. ಕೆಲವರು ಕೈಲಾಸ ಮಾನಸಸರೋವರಕ್ಕೂ ಹೊರಡುತ್ತಾರೆ. ಕೇದಾರದ ಎತ್ತರ ೩,೫೮೩ ಮೀಟರ್. ಅಲ್ಲಿಯ ಗಾಳಿಯ ಒತ್ತಡ ನಮ್ಮೂರಿನದರ ಸುಮಾರು ಮೂರರಲ್ಲಿ ಎರಡಂಶ. ಕೈಲಾಸ ಪರಿಕ್ರಮದ ದೋಲ್ಮಾ ಕಣಿವೆದಾರಿಯಲ್ಲಿ ಅರ್ಧದಷ್ಟು. ಹಿಂದೆ ಕಾಲ್ನಡೆಯಲ್ಲಿ ಹೋದವರಿಗೆ ದಾರಿಯ ದಿನಗಳೇ ಔಷಧವಾಗಿದ್ದುವು. ಈಗ ಹೆಲಿಕಾಪ್ಟರು ಕೆಲವೇ ನಿಮಿಷಗಳಲ್ಲಿ ಕೇದಾರದಲ್ಲಿ ಇಳಿಸುತ್ತದೆ. ಮೂತ್ರಪಿಂಡಗಳಿಗೆ ಆ ವೇಗ ತಿಳಿಯದು. ೧೯೬೨ರ ಯುದ್ಧದಲ್ಲಿ ತಗ್ಗಿನಿಂದ ಅವಸರವಾಗಿ ಮೇಲೆ ಕಳುಹಿಸಲ್ಪಟ್ಟ ನಮ್ಮ ಸೈನಿಕರು ಇದಕ್ಕೆ ತೆತ್ತ ಬೆಲೆ ದೊಡ್ಡದು. ಸೈನ್ಯದ ವೈದ್ಯ ಇಂದರ್ ಸಿಂಗ್ ಮತ್ತು ಜೊತೆಗಾರರು ೧,೯೨೫ ಸೈನಿಕರನ್ನು ಪರೀಕ್ಷಿಸಿ ೧೯೬೯ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ವೈದ್ಯರೆಲ್ಲ ಓದಿದರು.

೩,೦೦೦ ಮೀಟರಿನಿಂದ ಮೇಲೆ, ಮಲಗುವ ತಾಣವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಎತ್ತರಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವು, ವಾಕರಿಕೆ, ನಿದ್ದೆಗೇಡು ಕಂಡರೆ ಅಲ್ಲಿಯೇ ತಂಗಬೇಕು. ನಿದ್ದೆಯ ಮಾತ್ರೆ ಸಲ್ಲದು; ಮದ್ಯದ ಮಾತಂತೂ ಯಾತ್ರೆಯಲ್ಲಿ ಬೇಡವೇ ಬೇಡ. ಹೃದಯದ, ಶ್ವಾಸದ ತೊಂದರೆಯುಳ್ಳವರು ಹೊರಡುವ ಮುನ್ನವೇ ವೈದ್ಯರನ್ನು ಕಾಣಬೇಕು. ಕುಳಿತಲ್ಲಿಯೇ ಏದುಸಿರು, ನೊರೆಗಫ, ತಡವರಿಸುವ ನಡೆ, ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬುತ್ತಿದೆಯೆಂದು ತಿಳಿಯಬೇಕು. ಆಗ ದರ್ಶನವಾಗಲಿಲ್ಲವೆಂದು ಕೊರಗಿ ಬೆಳಗಿನವರೆಗೆ ಕಾಯತಕ್ಕದ್ದಲ್ಲ. ರೋಗಿ ಬೇಡವೆಂದರೂ ಕೇಳದೆ, ರಾತ್ರಿಯಾದರೂ ಸರಿಯೇ, ಜೊತೆಗೊಬ್ಬರು ಇದ್ದು ಕೂಡಲೇ ಕೆಳಗಿಳಿಸಬೇಕು. ಬೇಡವೆನ್ನುವ ಆ ಮಾತು ಅವರದಲ್ಲ, ಜೆನಿತ್ ಬೆಲೂನಿನಲ್ಲಿ ಕಂಡ ಅದೇ ಮಂಕಿನದು.