ಹೊಸಿಲು ದಾಟದ ಗಾಲಿಕುರ್ಚಿ

(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವನು ಮೊದಲು ಅದಕ್ಕಾಗಿ ಕಲ್ಲು ಹೊತ್ತವರನ್ನೂ ಗಾರೆ ಕಲೆಸಿದವರನ್ನೂ ನೆನೆಯಬೇಕು. ಅವರನ್ನು ಕೃತಜ್ಞತೆಯಿಂದ ನೆನೆದೇ ನನ್ನ ಮಾತನ್ನು ಆರಂಭಿಸುತ್ತೇನೆ. ಆದರೆ ಇಂದು ನಾನು ಹೇಳಬೇಕೆಂದಿರುವುದು ದೇವರ ಮನೆಯ ವಿಷಯವನ್ನಲ್ಲ, ನಮ್ಮ ಅಂಗವಿಕಲ ಬಂಧುಗಳು ವಾಸಿಸುವ ಮನೆಗಳ ವಿಷಯವನ್ನು.

ಐ.ಡಿ.ಹಳ್ಳಿಯ ಕಡೆ ಒಂದು ಮನೆಗೆ ನಾನು ಪರಮಪ್ರಸಾದವನ್ನು ಕೊಂಡೊಯ್ಯುವುದುಂಟು. ಆ ಮನೆಯ ತಾಯಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಶಿಬಿರವೊಂದರಲ್ಲಿ ಅವರಿಗೆ ದೊರೆತ ಗಾಲಿಕುರ್ಚಿ ಸದಾ ಸೂರಿನ ಕೆಳಗೆ ನಿಂತಿರುತ್ತಿತ್ತು. ಅದರ ಮೇಲೆ ರಾಗಿಯ ಚೀಲ ಇಟ್ಟಿರುವುದನ್ನು ಕಂಡು, ಪುಕ್ಕಟೆ ಬಂದ ವಸ್ತುವಿಗೆ ಇಷ್ಟೇ ಬೆಲೆ ಎಂದು ಮನಸ್ಸಿನಲ್ಲೇ ಬೇಸರಪಟ್ಟಿದ್ದೆ. ಒಂದು ದಿನ ಆ ತಾಯಿಯೇ ಹೇಳಿದರು: "ಸ್ವಾಮಿ, ಕುರ್ಚಿ ಒಳಗೆ ಬರಲ್ಲ, ನಾನು ಹೊರಗೆ ಹೋಗಲ್ಲ." ಆಮೇಲೆ ಕಣ್ಣು ತೆರೆದು ನೋಡಿದೆ. ಬೀದಿಯಿಂದ ಜಗಲಿಗೆ ಎರಡು ಅಡಿ, ಜಗಲಿಯಿಂದ ಹೊಸಿಲಿಗೆ ಅರ್ಧ ಅಡಿ. ಬಾಗಿಲು ಕುರ್ಚಿಗಿಂತ ಕಿರಿದು. ಶೌಚಾಲಯವಿರುವುದು ಹಿತ್ತಿಲಿನಲ್ಲಿ. ದಿನಕ್ಕೆ ಎಷ್ಟು ಸಲವಾದರೂ ಸೊಸೆಯೇ ಅವರನ್ನು ಎತ್ತಿಕೊಂಡು ಹೋಗಬೇಕು. ಪ್ರಸಾದವನ್ನು ಕೊಂಡೊಯ್ಯುವುದನ್ನೇ ನಾನು ಸೇವೆಯೆಂದುಕೊಂಡಿದ್ದೆ. ಈಕೆ ದೇವಾಲಯಕ್ಕೆ ಏಕೆ ಬರಲಾರರೆಂದು ವರ್ಷಗಟ್ಟಲೆ ಕೇಳಿರಲಿಲ್ಲ. ಆ ತಪ್ಪನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ.

ಇದು ಒಂದೇ ಮನೆಯ ಕಥೆಯಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ನಮ್ಮ ಸೀಮೆಗೆ ಇನ್ನೊಂದು ಸಂಕಟವೂ ಇದೆ. ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಅಂಥ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ಕೆಲವರ ಕೀಲುಗಳು ಬಿಗಿದು ಬೆನ್ನು ಬಗ್ಗದಂತಾಗುತ್ತದೆ. ಅಂಥವರಿಗೆ ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯ ಇದ್ದೂ ಇಲ್ಲದಂತೆ.

ಸರ್ಕಾರ ಏನೂ ಮಾಡಿಲ್ಲವೆಂದರೆ ಅದು ಸತ್ಯಕ್ಕೆ ಅಪಚಾರ. ಅಂಗವಿಕಲರಿಗೆ ಸಾಧನಸಲಕರಣೆಗಳನ್ನು ಒದಗಿಸುವ ಕೇಂದ್ರದ ಯೋಜನೆ 1981ರಿಂದಲೂ ಇದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯಿದೆಯು, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ವಸತಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಿಡಬೇಕೆಂದೂ ಅವರಲ್ಲಿ ಮಹಿಳೆಯರಿಗೆ ಆದ್ಯತೆ ಇರಬೇಕೆಂದೂ ವಿಧಿಸಿದೆ. 2016ರಲ್ಲಿ ಆರಂಭವಾದ ಗ್ರಾಮೀಣ ವಸತಿ ಯೋಜನೆಯಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ 1,20,000 ರೂಪಾಯಿ ನಿಗದಿಯಾಯಿತು. ಸ್ವಚ್ಛ ಭಾರತ ಅಭಿಯಾನದಲ್ಲಿ ಶೌಚಾಲಯಕ್ಕೆ 12,000 ರೂಪಾಯಿ ದೊರೆಯಿತು. ಅಂಗವಿಕಲರಿಗೆ ಒಗ್ಗುವ ಶೌಚಾಲಯವನ್ನು ಕಟ್ಟುವ ಬಗೆಗೆ 2015ರಲ್ಲಿ ಕೇಂದ್ರ ಸಚಿವಾಲಯವೇ ಕೈಪಿಡಿಯೊಂದನ್ನು ಹೊರತಂದಿತು.

ಹಾಗಾದರೆ ಕೊರತೆ ಎಲ್ಲಿದೆ? ಒಂದು ಯೋಜನೆ ಕುರ್ಚಿಯನ್ನು ಕೊಡುತ್ತದೆ. ಇನ್ನೊಂದು, ಮನೆಯಿಲ್ಲದವರಿಗೂ ಕಚ್ಚಾ ಮನೆಯವರಿಗೂ ಹೊಸ ಮನೆಯನ್ನು ಕೊಡುತ್ತದೆ. ಇರುವ ಮನೆಯ ಬಾಗಿಲನ್ನು ಅಗಲಿಸುವುದಕ್ಕೆ, ಗೋಡೆಗೊಂದು ಹಿಡಿಕೆ ಹಾಕಿಸುವುದಕ್ಕೆ, ಶೌಚಾಲಯದ ಪೀಠವನ್ನು ಎತ್ತರಿಸುವುದಕ್ಕೆ ಈ ಎರಡರಲ್ಲಿಯೂ ಹಣವಿಲ್ಲ. ಕುರ್ಚಿಗೂ ಮನೆಗೂ ನಡುವೆ ಇರುವ ಹೊಸಿಲು ಯಾರ ಲೆಕ್ಕಕ್ಕೂ ಸೇರಿಲ್ಲ.

"ಒಬ್ಬರ ಮನೆಯ ಮೆಟ್ಟಿಲಿಗೆ ಊರಿನ ಹಣವೇಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಸರಳವಾಗಿದೆ: ಸೂರಿನ ಕೆಳಗೆ ತುಕ್ಕು ಹಿಡಿಯುವ ಕುರ್ಚಿಯೂ ಊರಿನ ಹಣದ್ದೇ. ಎತ್ತಿಳಿಸುವುದಕ್ಕೆಂದು ಮನೆಯಲ್ಲೇ ಉಳಿದ ಸೊಸೆಯ ಕೂಲಿಯೂ ದಿನದಿನವೂ ನಷ್ಟವಾಗುತ್ತಿದೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ 1990ರಿಂದ ಒಂದು ಅನುದಾನವಿದೆ. ಅಗತ್ಯವನ್ನೂ ವಯಸ್ಕರಾದರೆ ಆದಾಯವನ್ನೂ ಪರಿಶೀಲಿಸಿ, ಅರ್ಹರಿಗೆ 30,000 ಪೌಂಡುಗಳವರೆಗೆ ಸ್ಥಳೀಯ ಸಂಸ್ಥೆ ಕೊಡಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅವರ ಸಂಪತ್ತು ನಮಗಿಲ್ಲ. ಆದರೆ ಇದು ಭಿಕ್ಷೆಯಲ್ಲ, ಹಕ್ಕು ಎಂಬ ತಿಳಿವಳಿಕೆಗೆ ಸಂಪತ್ತು ಬೇಕಿಲ್ಲ.

ನಮ್ಮ ಕೈಯಲ್ಲಿ ಇರುವುದೇನು? ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯು ತನ್ನ ಸ್ವಂತ ವರಮಾನದ ಶೇ. 5ನ್ನು ಅಂಗವಿಕಲರಿಗಾಗಿ ವೆಚ್ಚ ಮಾಡಬೇಕೆಂಬ ನಿಯಮವಿದೆ. ಅವರ ನೆರವಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆ ಹಣ ಮೊತ್ತದಲ್ಲಿ ಸಣ್ಣದಿರಬಹುದು, ಆದರೆ ಒಂದು ಹಿಡಿಕೆಗೂ ಒಂದು ಇಳಿಜಾರಿಗೂ ಸಾಲದಷ್ಟು ಸಣ್ಣದಲ್ಲ. ಗ್ರಾಮಸಭೆಗೆ ಹೋಗಿ, ಇಂಥ ಮನೆಗೆ ಇಂಥ ಕೆಲಸವಾಗಬೇಕೆಂದು ಅರ್ಜಿ ಕೊಡಿ. ನಡೆಯಲಾರದವರ ಪರವಾಗಿ ನಡೆಯಬಲ್ಲವರು ಹೋಗಿ ಕೇಳಬೇಕು.

ಹೊಸ ಮನೆ ಕಟ್ಟುವವರಿಗೂ ಒಂದು ಮಾತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಎಲ್ಲರೂ ಒಪ್ಪಿದ ಅಳತೆ. ಅಂದರೆ ಎರಡೂವರೆ ಅಡಿ ಎತ್ತರದ ಮನೆಗೆ ಮೂವತ್ತು ಅಡಿ! ನಮ್ಮ ಓಣಿಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಆದ್ದರಿಂದ ತಳಪಾಯ ಹಾಕುವಾಗಲೇ ಯೋಚಿಸಿರಿ. ನೀರು ನುಗ್ಗದ ಕಡೆ ನೆಲವನ್ನು ತಗ್ಗಿಸಿ, ಬಾಗಿಲಿಗೆ ಮೂರು ಅಡಿ ಅಗಲ ಬಿಡಿ. ಮೊದಲೇ ಮಾಡಿದರೆ ಅಲ್ಪ ಖರ್ಚು, ಆಮೇಲೆ ಒಡೆದು ಕಟ್ಟಿದರೆ ಬಹಳ. ಮುಪ್ಪು ಯಾರ ಮನೆಯನ್ನೂ ಬಿಡುವುದಿಲ್ಲ.

ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯ ನಿಮಗೆಲ್ಲ ಗೊತ್ತು. ಕಫೆರ್ನವುಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯೊಬ್ಬನನ್ನು ಹೊತ್ತು ತಂದರು. ಜನಸಂದಣಿಯಿಂದಾಗಿ ದಾರಿ ಸಿಗಲಿಲ್ಲ. ಅವರು ಹಿಂದಿರುಗಲಿಲ್ಲ, ಮಾಳಿಗೆಯನ್ನೇ ತೆರೆದು ಅವನನ್ನು ಸ್ವಾಮಿಯ ಮುಂದೆ ಇಳಿಸಿದರು. ಮನೆ ಕೆಟ್ಟಿತೆಂದು ಸ್ವಾಮಿ ಅವರನ್ನು ಗದರಿಸಲಿಲ್ಲ, ಅವರ ವಿಶ್ವಾಸವನ್ನು ಕಂಡರು. ಆ ನಾಲ್ವರು ಮಾಳಿಗೆಯನ್ನೇ ತೆರೆದರು, ನಾವು ಹೊಸಿಲನ್ನು ತಗ್ಗಿಸಲಾರೆವೇ?

ಈ ದೇವಾಲಯದ ಬಾಗಿಲಿಗೂ ಮೆಟ್ಟಿಲುಗಳಿವೆ. ನೂರು ವರ್ಷದ ಸಂಭ್ರಮದಲ್ಲಿ ಅದನ್ನು ನೆನಪಿಸುವುದು ನನಗೆ ಸುಲಭವಲ್ಲ. ಪಂಚಾಯಿತಿಯನ್ನು ಕೇಳುವ ಮೊದಲು ನಮ್ಮ ಮೆಟ್ಟಿಲ ಪಕ್ಕದಲ್ಲಿ ನಾವೇ ಒಂದು ಇಳಿಜಾರನ್ನು ಕಟ್ಟೋಣ. ಬಳಿಕ ಆ ತಾಯಿಯ ಮನೆಯ ಅರ್ಜಿಯನ್ನು ಹಿಡಿದು ಗ್ರಾಮಸಭೆಗೆ ಹೋಗೋಣ. ನಾನೂ ನಿಮ್ಮೊಡನೆ ಬರುತ್ತೇನೆ. ಅವರು ತಮ್ಮ ಗಾಲಿಕುರ್ಚಿಯಲ್ಲೇ ಕುಳಿತು ಪೂಜೆಗೆ ಬರುವ ಭಾನುವಾರವೇ ನನ್ನ ಪಾಲಿಗೆ ಈ ಶತಮಾನೋತ್ಸವದ ನಿಜವಾದ ಹಬ್ಬ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.